ಐವಿ ಹಾಕುತ್ತಿದ್ದ ಹೆಚ್ಚಿನ ಹೆಜ್ಜೆ

ಬರ್ಥಾ ಎಂಟ್ವಿಸಲ್ ತನ್ನ ಜೀವಮಾನದಲ್ಲಿ ಕುಣಿದದ್ದೆಲ್ಲ ಗಂಡಸಿನ ಹೆಜ್ಜೆ. ಇದರಲ್ಲಿ ಅವಳ ತಪ್ಪೇನೂ ಇರಲಿಲ್ಲ, ತಪ್ಪು ಅವಳ ಎತ್ತರದ್ದು. ಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಆಕ್ರಿಂಗ್ಟನ್ ಊರಿನ ಗಂಡುಹುಡುಗರೆಲ್ಲ ಸಮವಸ್ತ್ರ ತೊಟ್ಟು ಹೊರಟುಹೋದ ಮೇಲೆ, ಹತ್ತಿಗಿರಣಿಯ ಊಟದ ಕೋಣೆಯಲ್ಲಿ ನಡೆಯುತ್ತಿದ್ದ ಶನಿವಾರದ ಕುಣಿತಕ್ಕೆ ಹೆಣ್ಣುಮಕ್ಕಳಷ್ಟೇ ಉಳಿದರು. ಕಲಿಸುವಾಕೆ ಚಪ್ಪಾಳೆ ತಟ್ಟಿ, "ಎತ್ತರ ಇರೋರೆಲ್ಲ ಆ ಕಡೆ ಗೋಡೆಗೆ ಹೋಗ್ರಮ್ಮ, ಇವತ್ತಿಂದ ನೀವೇ ಗಂಡಸರು" ಅಂದಳು. ಆ ಗೋಡೆಯ ಕಡೆಗೆ ಹೋದ ಬರ್ಥಾ ವಾಪಸು ಬರಲೇ ಇಲ್ಲ. ಯುದ್ಧ ಮುಗಿಯಿತು, ಗಂಡಸರು ಮರಳಿದರು, ಒಬ್ಬಿಬ್ಬರು ಅವಳ ಮುಂದೆ ನಿಂತು ಕೈ ಚಾಚಿದ್ದೂ ಉಂಟು. ಆದರೆ ಸಂಗೀತ ಶುರುವಾದೊಡನೆ ಅವಳ ಎಡಗಾಲು ತಾನಾಗಿ ಮುಂದೆ ಹೋಗುತ್ತಿತ್ತು. ಅವರೂ ಮುಂದೆ ಬರುತ್ತಿದ್ದರು. ಮಂಡಿಗೆ ಮಂಡಿ ಬಡಿಯುತ್ತಿತ್ತು. ಪೆಟ್ಟು ತಿಂದವರು ಎರಡನೆಯ ಸಲ ಆ ಕಡೆ ಸುಳಿಯುತ್ತಿರಲಿಲ್ಲ.

ಮದುವೆಯಾಗಲಿಲ್ಲ ಎಂದು ಅವಳು ಅತ್ತದ್ದನ್ನು ಯಾರೂ ಕಂಡಿಲ್ಲ. ಅವಳಿಗೆ ಐವಿ ಇದ್ದಳು.

ಐವಿ ಹೋವರ್ತ್ ಗಿರಣಿಯಲ್ಲಿ ಪಕ್ಕದ ಮಗ್ಗದವಳು. ಗುಂಡಗೆ, ಗಿಡ್ಡಗೆ, ಬರ್ಥಾಳ ಭುಜಕ್ಕೆ ಬರುವುದೇ ಕಷ್ಟ. ಅವಳ ಗಂಡ ವಾಲ್ಟರನಿಗೆ ಪಾರಿವಾಳದ ಹುಚ್ಚು. ಸಂಜೆ ಹಕ್ಕಿಗಳು ಗೂಡಿಗೆ ಬಂದರೆ ಸಾಕು, ಹೆಂಡತಿ ಯಾರ ಕೈ ಹಿಡಿದು ಕುಣಿದರೂ ಅವನಿಗೆ ಚಿಂತೆಯಿಲ್ಲ. ವಾಲ್ಟರ್ ಸತ್ತ, ಹಕ್ಕಿಗಳನ್ನು ಯಾರೋ ಕೊಂಡೊಯ್ದರು, ಗಿರಣಿ ಮುಚ್ಚಿ ಕಾರ್ಪೆಟ್ ಅಂಗಡಿಯಾಯಿತು. ಇವರಿಬ್ಬರ ಕುಣಿತ ಮಾತ್ರ ನಿಲ್ಲಲಿಲ್ಲ. ಬುಧವಾರ ಮಧ್ಯಾಹ್ನ ಚರ್ಚಿನ ಹಿಂದಿನ ಹಾಲಿನಲ್ಲಿ ಸೀಕ್ವೆನ್ಸ್ ಕುಣಿತದ ಕ್ಲಬ್ಬು ಸೇರಿದಾಗ ಕುಣಿಯುವ ಬೂಟಿನ ಚೀಲ ಹಿಡಿದು ಮೊದಲು ಒಳಗೆ ಕಾಲಿಡುತ್ತಿದ್ದವರು ಇವರೇ.

ಅಲ್ಲಿ ಮನಸ್ಸಿಗೆ ಬಂದಂತೆ ಕುಣಿಯುವ ಹಾಗಿಲ್ಲ. ಜೋಡಿಗಳೆಲ್ಲ ಹಾಲಿನ ಸುತ್ತ ಬಳೆಯ ಹಾಗೆ ನಿಂತು, ಒಂದೇ ಹೊತ್ತಿಗೆ ಒಂದೇ ಹೆಜ್ಜೆ ಇಡಬೇಕು. ಹೆಜ್ಜೆಗಳ ಸಾಲು ಮುಗಿದರೆ ಮತ್ತೆ ಮೊದಲಿನಿಂದ. ಮರೆತವರು ಮುಂದಿನ ಜೋಡಿಯ ಕಾಲು ನೋಡಿಕೊಂಡರಾಯಿತು. ಎಪ್ಪತ್ತು ದಾಟಿದವರು, ಸೊಂಟದಲ್ಲಿ ಲೋಹದ ಕೀಲು ಹಾಕಿಸಿಕೊಂಡವರು, ಹೃದಯಕ್ಕೆ ಗುಳಿಗೆ ನುಂಗುವವರು ಎಲ್ಲರೂ ಆ ಬಳೆಯಲ್ಲಿ ಸೇರಿ ತಿರುಗುತ್ತಿದ್ದರು. ಊರಿನ ಡಾಕ್ಟರು ಬರ್ಥಾಳ ಮಂಡಿ ಒತ್ತಿ ನೋಡಿ, "ಔಷಧಿ ಬಿಟ್ರೂ ಪರವಾಗಿಲ್ಲ, ಬುಧವಾರ ಮಾತ್ರ ಬಿಡಬೇಡಿ" ಅಂದಿದ್ದರು. ಔಷಧಿಯನ್ನು ಅವಳು ಸಂತೋಷದಿಂದ ಬಿಟ್ಟಿದ್ದಳು.

ಕೊನೆಯ ಕುಣಿತ ಯಾವಾಗಲೂ ಒಂದೇ ವಾಲ್ಟ್ಸ್. ಅದರ ಮಧ್ಯದಲ್ಲಿ ಹೆಣ್ಣು, ಗಂಡು ಎತ್ತಿ ಹಿಡಿದ ಕೈಯ ಕೆಳಗೆ ಒಂದು ಸುತ್ತು ಸುತ್ತಿ ಮತ್ತೆ ಎದುರಿಗೆ ಬಂದು ನಿಲ್ಲಬೇಕು. ಐವಿ ಅಲ್ಲಿ ಯಾರೂ ಕಲಿಸದ ಒಂದು ಹೆಜ್ಜೆ ಸೇರಿಸುತ್ತಿದ್ದಳು. ಸುತ್ತು ಮುಗಿದೊಡನೆ ಬಲಗಾಲಿನ ತುದಿಯನ್ನು ನೆಲಕ್ಕೆ ಟಕ್ ಎಂದು ತಟ್ಟುವುದು. ಅವಳ ತಾಯಿ ಮರದ ಅಟ್ಟೆಯ ಬೂಟು ತೊಟ್ಟು ಕಲ್ಲುಹಾಸಿನ ಮೇಲೆ ಕುಣಿಯುತ್ತಿದ್ದವಳು, ಅದು ಅವಳಿಂದ ಬಂದ ಚಾಳಿ. ಆ ತಟ್ಟಿನಿಂದ ಐವಿ ಒಂದು ಕೂದಲೆಳೆಯಷ್ಟು ತಡವಾಗುತ್ತಿದ್ದಳು. ಬರ್ಥಾ ಅಷ್ಟೇ ಹೊತ್ತು ಕಾಯುತ್ತಿದ್ದಳು. ಕಾದದ್ದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ, ಬರಬರುತ್ತ ಅವಳಿಗೇ ತಿಳಿಯದಾಯಿತು. ಆದರೆ ತಟ್ಟು ಎಲ್ಲರಿಗೂ ಕೇಳಿಸುತ್ತಿತ್ತು.

"ಐವಿ, ನೀವು ಕುಣೀತಾ ಇದೀರೋ, ಬಾಗಿಲು ತಟ್ತಾ ಇದೀರೋ?" ಎಂದು ಕ್ಲಬ್ಬಿನ ಯಜಮಾನಿ ಮಿಸೆಸ್ ಡಕ್‌ವರ್ತ್ ಮೈಕಿನಲ್ಲಿ ಕೇಳುತ್ತಿದ್ದಳು.

"ಯಾರಾದ್ರೂ ತೆಗೀತಾರೇನೋ ಅಂತ ನೋಡ್ತಿದೀನಿ ಕಣ್ರೀ" ಎಂದು ಐವಿ ಉತ್ತರ ಕೊಡುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಬರ್ಥಾ ಮಾತ್ರ, "ತಪ್ಪು ತಪ್ಪೇ" ಎಂದು ಗೊಣಗಿ ಬಸ್ಸಿನಲ್ಲಿ ಮನೆಯವರೆಗೂ ಅದನ್ನೇ ಎಳೆಯುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಸಿರಿಲ್ ಆಸ್ಪಿನಾಲ್ ಬಂದ.

ಸಿರಿಲ್ ಬಸ್ಸು ಓಡಿಸಿ ನಿವೃತ್ತನಾದವನು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಕುಳ್ಳಗೆ, ಹೊಟ್ಟೆ ಮುಂದೆ ಮಾಡಿಕೊಂಡು, ಕನ್ನಡಿಯಂತೆ ಹೊಳೆಯುವ ಬೂಟು ತೊಟ್ಟು ಬಂದು ಬಾಗಿಲ ಬಳಿ ಟೋಪಿ ಹಿಡಿದು ನಿಂತ. ಆ ಕ್ಲಬ್ಬಿನಲ್ಲಿ ಹಿಂದಿನಿಂದಲೂ ಒಂದು ನಿಯಮವಿತ್ತು: ಒಬ್ಬ ಗಂಡಸು ಕುರ್ಚಿಯಲ್ಲಿ ಕೂತಿರುವಾಗ ಇಬ್ಬರು ಹೆಂಗಸರು ಜೋಡಿಯಾಗಿ ಕುಣಿಯಬಾರದು. ಗಂಡಸರು ಅಪರೂಪವಾದ ಊರಿನಲ್ಲಿ ಅದು ನ್ಯಾಯವೇ ಇರಬಹುದು. ಆದರೆ ಆ ನ್ಯಾಯ ಈಗ ಬರ್ಥಾಳ ತೋಳಿಗೇ ಕೈ ಹಾಕಿತು.

ಮಿಸೆಸ್ ಡಕ್‌ವರ್ತ್ ನಗುತ್ತ ಬಂದು, "ಬರ್ಥಾ, ಐವೀನ ಸ್ವಲ್ಪ ಬಿಟ್ಕೊಡಿ. ನಮ್ಮ ಹೊಸ ಮಿಸ್ಟರ್ ಆಸ್ಪಿನಾಲ್ ಅವ್ರು ಒಬ್ರೇ ಇದಾರೆ" ಅಂದಳು.

"ನಾನೂ ಒಬ್ಬಳೇ ಆಗ್ತೀನಲ್ಲ" ಅಂದಳು ಬರ್ಥಾ.

"ನೀವಿಲ್ಲಿ ಮನೆಯೋರಲ್ವೇ!"

ಮನೆಯವಳು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು ನೋಡಿದಳು. ಸಿರಿಲ್ ಚೆನ್ನಾಗಿಯೇ ಕುಣಿದ, ಅದೇ ಅವಳಿಗೆ ಸಂಕಟ. ಕೊನೆಯ ವಾಲ್ಟ್ಸ್‌ನಲ್ಲಿ ಕೈಯ ಕೆಳಗಿನ ಸುತ್ತು ಬಂತು, ಐವಿಯ ಕಾಲು ಟಕ್ ಎಂದಿತು, ಕಾಯಲು ತಿಳಿಯದ ಸಿರಿಲ್ ನೇರವಾಗಿ ಹೋಗಿ ಅವಳಿಗೆ ಡಿಕ್ಕಿ ಹೊಡೆದ. ಬರ್ಥಾಳ ಹೊಟ್ಟೆ ತಣ್ಣಗಾಯಿತು. ಅಲ್ಲಿ ಕಾಯಬೇಕೆಂದು ಈ ಭೂಮಿಯ ಮೇಲೆ ಗೊತ್ತಿದ್ದುದು ತನಗೊಬ್ಬಳಿಗೇ ಎಂದುಕೊಂಡಳು. ಅದು ನಿಜವೂ ಆಗಿತ್ತು.

ಮರುವಾರವೂ ಹಾಗೇ ಆಯಿತು, ಅದರ ಮರುವಾರವೂ. ಸಿರಿಲ್ ಇದ್ದಾನೆ, ಬೇರೆ ಒಂಟಿ ಹೆಂಗಸರಿಲ್ಲ, ಐವಿ ಅವನ ಪಾಲಾದಳು. ಹೆಂಗಸಿನ ಹೆಜ್ಜೆ ಬಾರದ ಬರ್ಥಾಳನ್ನು ಕರೆಯುವ ಗಂಡಸು ಯಾರು? ಅವಳು ಬೂಟು ಬದಲಿಸಿ ಸಿದ್ಧಳಾಗಿ ಕೂರುತ್ತಿದ್ದಳು, ಹಾಗೇ ಎದ್ದು ಬೂಟು ಬದಲಿಸಿ ಮನೆಗೆ ಹೊರಡುತ್ತಿದ್ದಳು. ಮಂಡಿ ಮತ್ತೆ ಹಿಡಿದುಕೊಂಡಿತು.

ಒಂದು ಸಂಜೆ ಬಸ್ಸಿನಲ್ಲಿ ಐವಿಯೇ ಮಾತು ತೆಗೆದಳು. "ಡಕ್‌ವರ್ತ್ ಹತ್ರ ನಾನು ಜಗಳ ಆಡ್ತೀನಿ ಕಣೆ. ಅರ್ಧ ಕುಣಿತ ಅವರ ಜೊತೆ, ಅರ್ಧ ನಿನ್ನ ಜೊತೆ. ಆಗಲ್ವಾ?"

"ನಾನೇನು ಮಿಕ್ಕಿದ ಮಾಂಸದ ಪೈಯಾ, ಇವತ್ತು ಅರ್ಧ, ನಾಳೆ ಅರ್ಧ ತಿನ್ನೋಕೆ?"

"ಅಯ್ಯೋ, ನಿನ್ನ ಕೊಂಕು! ಹಾಗಾದ್ರೆ ಹೆಂಗಸಿನ ಹೆಜ್ಜೆ ಕಲಿ. ನಾನೇ ಹೇಳ್ಕೊಡ್ತೀನಿ. ಆಮೇಲೆ ಸಿರಿಲ್ ನಮ್ಮಿಬ್ರನ್ನೂ ಸರದಿ ಮೇಲೆ ಕುಣಿಸ್ಲಿ."

"ಈ ವಯಸ್ಸಲ್ಲಿ ಗಂಡಸು ತಳ್ಳಿದ ಕಡೆ ನಾನು ಹಿಂದ್‌ಹಿಂದಕ್ಕೆ ನಡೀಬೇಕಾ? ಬೆನ್ನ ಹಿಂದೆ ಏನಿದೆ ಅಂತ ಕಾಣದೇನೆ?"

"ಕಾಣೋದು ಮುಂದಿರೋರ ಕೆಲಸ. ನಾನು ಇಷ್ಟು ವರ್ಷ ಹಿಂದಕ್ಕೇ ನಡೆದಿಲ್ವಾ? ಒಂದು ಸಲಾನಾದ್ರೂ ಕುರ್ಚಿಗೆ ಬಡ್ಕೊಂಡಿದೀನಾ?"

"ನಿನ್ನ ಮುಂದೆ ನಾನಿದ್ದೆ, ಅದಕ್ಕೆ."

"ಅದನ್ನೇ ಹೇಳ್ತಿರೋದು. ಮುಂದೆ ಇರೋರ ಮೇಲೆ ನಂಬಿಕೆ ಬೇಕು. ನಾನು ಕರ್ಕೊಂಡು ಹೋದ್ರೆ ಬರ್ತೀಯಾ?"

ಬರ್ಥಾ ಜೋರಾಗಿ ನಕ್ಕಳು. ಒಳ್ಳೆಯ ನಗುವಲ್ಲ ಅದು. "ನೀನಾ? ನಿಂಗೆ ಮುಂದಕ್ಕೆ ನಡೆಯೋಕೇ ಬರಲ್ಲ ಮಾರಾಯ್ತಿ. ನೀನು ಗಂಡಸಿನ ಹೆಜ್ಜೆ ಕಲಿತ ದಿನ ನಾನು ಹೆಂಗಸಿನ ಹೆಜ್ಜೆ ಹಾಕ್ತೀನಿ, ಹೋಗು."

ಐವಿ ಕಿಟಕಿಯ ಆವಿಯ ಮೇಲೆ ಬೆರಳಿನಿಂದ ಗೀಟು ಎಳೆಯುತ್ತ ಕೂತಳು. ಇಳಿಯುವ ನಿಲ್ದಾಣ ಬಂದಾಗ ಇಬ್ಬರೂ ಇಳಿದು ತಂತಮ್ಮ ಬೀದಿ ಹಿಡಿದರು.

ಅದಾದ ಮೇಲಿನ ಭಾನುವಾರ ಬರ್ಥಾ ಮನಸ್ಸು ತಡೆಯದೆ ಐವಿಯ ಮನೆಯ ಕಡೆ ಹೊರಟಳು. ಕ್ಷಮೆ ಕೇಳುವುದು ಅವಳ ಜಾಯಮಾನವಲ್ಲ, ಆದರೆ ಸುಮ್ಮನೆ ಹೋಗಿ ಚಹಾ ಕುಡಿದು ಬಂದರೆ ಐವಿ ಅದನ್ನೇ ಕ್ಷಮೆ ಎಂದು ಲೆಕ್ಕ ಹಾಕಿಕೊಳ್ಳುತ್ತಿದ್ದಳು. ಬೀದಿಯ ತಿರುವಿನಲ್ಲೇ ಕಾಲು ನಿಂತಿತು. ಐವಿಯ ಬಾಗಿಲ ಮುಂದೆ ಸಿರಿಲನ ಹಸಿರು ಕಾರು. ಹಾಡುಹಗಲೇ ಅಡುಗೆಮನೆಯ ಪರದೆ ಎಳೆದಿತ್ತು. ಒಳಗಿನಿಂದ ಸಂಗೀತ, ಅದರ ಮೇಲೆ ಐವಿಯ ನಗು.

ಬರ್ಥಾ ಅಲ್ಲಿಂದಲೇ ಹಿಂದಿರುಗಿದಳು. ಹೊಟ್ಟೆಕಿಚ್ಚು ಎಂದು ಅದಕ್ಕೆ ಹೆಸರಿಡಬಹುದು, ಇಟ್ಟರೆ ಸುಳ್ಳೂ ಆಗದು. ಆದರೆ ಅದರ ಅಡಿಯಲ್ಲಿ ಇದ್ದದ್ದು ಬರಿಯ ಭಯ. ಐವಿ ಹೋದರೆ ತನಗೆ ಉಳಿಯುವುದು ಒಂದು ಕೆಟಲ್ಲು, ಒಂದು ರೇಡಿಯೋ, ಗೋಡೆ ಪಕ್ಕದ ಒಂದು ಕುರ್ಚಿ ಎಂದು ಅವಳಿಗೆ ಆ ತಿರುವಿನಲ್ಲೇ ಕಂಡುಹೋಯಿತು. ಎರಡನೆಯ ಭಾನುವಾರ ಮತ್ತೆ ಹೋಗಿ ತಿರುವಿನಿಂದ ಇಣುಕಿದಳು. ಮತ್ತೆ ಕಾರು, ಮತ್ತೆ ಪರದೆ.

ಅಕ್ಟೋಬರಿನ ಕೊನೆಯ ಬುಧವಾರ ನಡೆದದ್ದನ್ನು ಹೇಳಬೇಕಾದರೆ ಗಿರಣಿಯ ಹೆಂಗಸರ ಒಂದು ಮಾತು ತಿಳಿದಿರಬೇಕು. ನೂರಾರು ಮಗ್ಗಗಳ ಸದ್ದಿನಲ್ಲಿ ಕಿವಿ ಕೆಲಸಕ್ಕೆ ಬರುತ್ತಿರಲಿಲ್ಲ. ದನಿಯಿಲ್ಲದೆ ಬಾಯಿ ದೊಡ್ಡದಾಗಿ ಆಡಿಸಿ ಮಾತಾಡಬೇಕು, ಎದುರಿನವಳು ತುಟಿ ನೋಡಿ ತಿಳಿಯಬೇಕು. ಹೆರಿಗೆ, ಸಾವು, ಅತ್ತೆಯ ಕಾಟ, ಎಲ್ಲ ಸುದ್ದಿಯೂ ಹಾಗೇ ಶೆಡ್ಡು ದಾಟುತ್ತಿತ್ತು. ಗಿರಣಿ ಮುಚ್ಚಿದ ಮೇಲೂ ಬರ್ಥಾ, ಐವಿ ಹಾಲಿನ ಈ ತುದಿಯಿಂದ ಆ ತುದಿಗೆ ಅದೇ ಭಾಷೆಯಲ್ಲಿ ಜನರನ್ನು ಆಡಿಕೊಳ್ಳುತ್ತಿದ್ದರು. ಕ್ಲಬ್ಬಿನಲ್ಲಿ ಅದು ತಿಳಿದಿದ್ದುದು ಇವರಿಬ್ಬರಿಗೇ.

ಆ ದಿನ ಕೊನೆಯ ವಾಲ್ಟ್ಸ್‌ನಲ್ಲಿ ಐವಿ ಸಿರಿಲನ ಭುಜದ ಮೇಲಿನಿಂದ ಬರ್ಥಾಳನ್ನು ನೋಡಿದಳು. ಕಣ್ಣು ಹೊಳೆಯುತ್ತಿತ್ತು, ತುಟಿ ಏನೋ ಹೇಳಲು ತೆರೆಯಿತು. 'ನಾವು ಮದುವೆ ಆಗ್ತಿದೀವಿ' ಎನ್ನುತ್ತಾಳೆ, ಇನ್ನೇನು ಎಂದು ಬರ್ಥಾ ಲೆಕ್ಕ ಹಾಕಿದಳು. ತಟಕ್ಕನೆ ತಲೆ ತಗ್ಗಿಸಿ ಕೈಯಲ್ಲಿದ್ದ ಚಹಾದ ಬಟ್ಟಲನ್ನೇ ದಿಟ್ಟಿಸಿದಳು. ಬಳೆ ಒಂದು ಸುತ್ತು ಬಂತು, ಐವಿ ಮತ್ತೆ ಎದುರಾದಳು, ಬರ್ಥಾ ತಲೆ ಎತ್ತಲಿಲ್ಲ. ಆ ಭಾಷೆಯಲ್ಲಿ ಮುಖ ತಿರುಗಿಸುವುದೆಂದರೆ ಮಾತಾಡುವವಳ ಬಾಯಿಗೆ ಕೈ ಅಡ್ಡ ಇಟ್ಟಂತೆ. ಗಿರಣಿಯಲ್ಲಿ ಕಡುವೈರಿಗೂ ಯಾರೂ ಹಾಗೆ ಮಾಡುತ್ತಿರಲಿಲ್ಲ. ಮೂರನೆಯ ಸುತ್ತಿನಲ್ಲಿ ಐವಿ ಅವಳ ಕಡೆ ನೋಡಲಿಲ್ಲ.

ಬರ್ಥಾ ಕ್ಲಬ್ಬಿಗೆ ಹೋಗುವುದನ್ನು ಬಿಟ್ಟಳು.

ನವೆಂಬರಿನಲ್ಲಿ, ಊರೆಲ್ಲ ಬೆಂಕಿ ಹಾಕಿ ಪಟಾಕಿ ಹೊಡೆಯುವ ಹಬ್ಬದ ಮಾರನೆಯ ದಿನ, ಬಾಗಿಲು ಬಡಿದ ಸದ್ದಾಯಿತು. ಬರ್ಥಾ ಪರದೆಯ ಮರೆಯಿಂದ ನೋಡಿದಳು. ಐವಿ ತಲೆಗೆ ಸ್ಕಾರ್ಫು ಕಟ್ಟಿಕೊಂಡು, ಕೈಯಲ್ಲಿ ಡಬ್ಬ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು.

"ಬರ್ಥಾ, ಒಳಗಿದೀಯ ಅಂತ ಗೊತ್ತು ಕಣೆ. ನಿನ್ನ ಕೆಟಲ್ಲು ಕೂಗ್ತಿರೋದು ಬೀದಿಗೆಲ್ಲ ಕೇಳಿಸ್ತಿದೆ."

ಬರ್ಥಾ ಉಸಿರು ಬಿಗಿಹಿಡಿದಳು. ಕೆಟಲ್ಲು ಕೂಗುತ್ತಲೇ ಇತ್ತು.

"ನಂಗೆ ಚಳಿ ಆಗ್ತಿದೆ. ಬಾಗಿಲು ತೆಗಿಯೇ. ಕತ್ತೆ ಹಠ ನಿಂದು."

ಇನ್ನೊಂದು ಸಲ ಬಡಿದಳು, ಮತ್ತೊಂದು ಸಲ. ಆಮೇಲೆ ಡಬ್ಬವನ್ನು ಮೆಟ್ಟಿಲ ಮೇಲಿಟ್ಟು, ಒಂದು ಕ್ಷಣ ನಿಂತು, ಹೊರಟುಹೋದಳು. ಅದರಲ್ಲಿ ಕಾಕಂಬಿ, ಶುಂಠಿ ಹಾಕಿದ ಕೇಕು ಇತ್ತು. ಪ್ರತಿ ವರ್ಷ ಈ ಹಬ್ಬಕ್ಕೆ ಐವಿ ಮಾಡುತ್ತಿದ್ದದ್ದು. ಬರ್ಥಾ ಅದನ್ನು ವಾರವಿಡೀ ಒಬ್ಬಳೇ ನಿಂತುಕೊಂಡೇ ತಿಂದಳು, ತುಣುಕೂ ಉಳಿಸಲಿಲ್ಲ. ಡಬ್ಬ ತೊಳೆದು ಒರೆಸಿ ಕಪಾಟಿನ ಮೇಲಿಟ್ಟಳು. ಅದನ್ನು ವಾಪಸು ಕೊಡಲು ಹೋಗುವುದೊಂದೇ ಸಾಕಿತ್ತು. ನಾಳೆ ಹೋಗೋಣ ಎಂದುಕೊಂಡಳು, ಕ್ರಿಸ್‌ಮಸ್ಸಿಗೆ ಎಂದುಕೊಂಡಳು, ಹೊಸ ವರ್ಷಕ್ಕೆ ಎಂದುಕೊಂಡಳು.

ಜನವರಿಯ ಮೂರನೆಯ ವಾರ ಐವಿ ಸತ್ತಳು. ಬೆಳಿಗ್ಗೆ ಇಟ್ಟ ಹಾಲಿನ ಬಾಟಲಿ ಮಧ್ಯಾಹ್ನವಾದರೂ ಬಾಗಿಲಲ್ಲೇ ಇದ್ದುದನ್ನು ಕಂಡು ಪಕ್ಕದ ಮನೆಯವರು ಬೀಗ ಒಡೆಸಿದರು. ಮಲಗಿದಲ್ಲೇ ಹೃದಯ ನಿಂತಿತ್ತು. ಸುದ್ದಿಯನ್ನು ಬರ್ಥಾಳಿಗೆ ಹೇಳಿದ್ದು ಮಾಂಸದ ಅಂಗಡಿಯವನು, ಅದೂ ಅವಳಿಗೆ ಆಗಲೇ ಗೊತ್ತಿರುತ್ತದೆ ಎಂದುಕೊಂಡು. "ನಿಮ್ಮ ಗೆಳತಿ ವಿಷಯ ಕೇಳಿ ತುಂಬಾ ಬೇಜಾರಾಯ್ತು ಮಿಸ್ ಎಂಟ್ವಿಸಲ್" ಅಂದ. "ಯಾವ ವಿಷಯ?" ಎಂದು ಕೇಳಬೇಕಾಗಿ ಬಂತು ಅವಳಿಗೆ. ಆ ಪ್ರಶ್ನೆಯ ಅವಮಾನ ಅವಳನ್ನು ಕೊನೆಯವರೆಗೂ ಬಿಡಲಿಲ್ಲ.

ಅಂತ್ಯಕ್ರಿಯೆಯ ದಿನ, ಮಣ್ಣು ಮಾಡಿ ಬಂದು ಎಲ್ಲರೂ ಚಹಾ, ಹ್ಯಾಮು ಸ್ಯಾಂಡ್‌ವಿಚ್ಚು ಹಿಡಿದು ನಿಂತಿದ್ದಾಗ ಸಿರಿಲ್ ಅವಳ ಹತ್ತಿರ ಬಂದ. ಕಣ್ಣು ಕೆಂಪಗಿತ್ತು. "ಮಿಸ್ ಎಂಟ್ವಿಸಲ್, ನಿಮ್ಮ ಹತ್ರ ಒಂದು ಮಾತು ಹೇಳೋದಿತ್ತು."

"ನಿಮ್ಮ ಮಾತು ನಿಮ್ಮ ಹತ್ರಾನೇ ಇರ್ಲಿ" ಎಂದು ಬರ್ಥಾ ಕೋಟು ತೊಟ್ಟುಕೊಂಡು ಹೊರಟುಹೋದಳು. ದುಃಖದಲ್ಲೂ ಸಿಟ್ಟು ಬಿಡದ ಹೆಂಗಸು ಅವಳು. ಸಿಟ್ಟು ಬಿಟ್ಟರೆ ಹಿಡಿದುಕೊಳ್ಳಲು ಬೇರೇನೂ ಇರಲಿಲ್ಲ.

ಮುಂದಿನ ಮಂಗಳವಾರ ಮಿಸೆಸ್ ಡಕ್‌ವರ್ತ್ ಬಾಗಿಲಿಗೆ ಬಂದಳು. ಈ ಸಲ ಬರ್ಥಾ ಮೊದಲ ಬಡಿತಕ್ಕೇ ತೆಗೆದಳು.

"ನಾಳೆ ಐವಿಗೆ ಜಾಗ ಬಿಡ್ತಿದೀವಿ" ಅಂದಳು ಮಿಸೆಸ್ ಡಕ್‌ವರ್ತ್. ಕ್ಲಬ್ಬಿನವರು ಯಾರಾದರೂ ಸತ್ತರೆ ಕೊನೆಯ ವಾಲ್ಟ್ಸ್‌ನಲ್ಲಿ ಬಳೆಯೊಳಗೆ ಒಂದು ಜೋಡಿಯ ಜಾಗ ಖಾಲಿ ಬಿಟ್ಟು ಕುಣಿಯುವುದು ಅವರ ರೂಢಿ. "ನೀವು ಬರ್ಲೇಬೇಕು. ನೀವಿಲ್ದೆ ಅದು ಯಾರ ಜಾಗ ಅಂತಾದ್ರೂ ಆಗತ್ತೆ?"

"ಅವಳನ್ನ ನನ್ನ ಕೈಯಿಂದ ಕಿತ್ಕೊಂಡು ಕೊಟ್ಟೋರು ನೀವು."

ಮಿಸೆಸ್ ಡಕ್‌ವರ್ತ್ ಮುಖ ಚಿಕ್ಕದು ಮಾಡಿಕೊಂಡಳು. "ಹೌದು. ನಿಯಮ ಅಂತ ಮಾಡ್ದೆ. ಬಂದು ನಾಲ್ಕು ಜನರ ಮುಂದೆ ಬೈಯಿ ನನ್ನ, ಬೈಸ್ಕೋತೀನಿ. ಆದ್ರೆ ಬಾ."

ಬರ್ಥಾ ಹೋದಳು. ಬೂಟು ಬದಲಿಸಿಕೊಂಡಳು, ಏಕೆಂದು ಅವಳಿಗೂ ಗೊತ್ತಿರಲಿಲ್ಲ, ಅಭ್ಯಾಸ. ಅದೇ ಕುರ್ಚಿಯಲ್ಲಿ ಕೂತಳು. ಮಿಸೆಸ್ ಡಕ್‌ವರ್ತ್ ಮೈಕಿನಲ್ಲಿ ಐವಿಯ ಹೆಸರು ಹೇಳಿದಳು. ವಾಲ್ಟ್ಸ್ ಶುರುವಾಯಿತು. ಜೋಡಿಗಳು ಹೊರಟವು, ಅವುಗಳ ನಡುವೆ ಆ ಖಾಲಿ ಜಾಗವೂ ಹೊರಟಿತು. ಎಲ್ಲರೂ ಅಂತರ ಕಾದುಕೊಂಡು ನಡೆಯುತ್ತಿದ್ದುದರಿಂದ ಅದು ನೆಲದ ಮೇಲೆ ತಾನೇ ತಿರುಗುತ್ತಿರುವಂತೆ ಕಂಡಿತು. ಬರ್ಥಾಳ ಮುಂದೆ ಬಂತು, ದಾಟಿ ಹೋಯಿತು. ಎಲ್ಲರೂ ಸುತ್ತು ಸುತ್ತುವ ಘಳಿಗೆಯಲ್ಲಿ ಟಕ್ ಎಂಬ ಸದ್ದು ಕೇಳಲಿಲ್ಲ. ಆ ಹೊತ್ತಿಗೆ ಅವಳಿಗೆ ಅಳು ಬಂತು. ಗಿರಣಿಯವರ ಹಾಗೆ ಸದ್ದಿಲ್ಲದೆ, ಬಾಯಿ ತೆರೆದು ಅತ್ತಳು.

ಸಿರಿಲ್ ಪಕ್ಕದ ಕುರ್ಚಿಯಲ್ಲಿ ಬಂದು ಕೂತ. ಅವಳು ಏಳಲಿಲ್ಲ.

"ಬೈದ್ರೂ ಸರಿ, ಹೇಳ್ಬಿಡ್ತೀನಿ" ಅಂದ. "ಭಾನುವಾರ ನಾನವರ ಮನೆಗೆ ಹೋಗ್ತಿದ್ದದ್ದು ಪಾಠ ಹೇಳೋಕೆ. ಐವಿ ಗಂಡಸಿನ ಹೆಜ್ಜೆ ಕಲೀತಿದ್ರು."

ಬರ್ಥಾ ತಿರುಗಿ ನೋಡಿದಳು.

"'ಬಸ್ಸಲ್ಲಿ ಅವಳೇ ಬಾಯ್ಬಿಟ್ಟು ಹೇಳಿದಾಳೆ ಸಿರಿಲ್, ನಾನು ಕಲಿತ ದಿನ ಅವಳು ಹಿಂದಕ್ಕೆ ನಡೀತಾಳಂತೆ, ನಾನು ಬಿಡ್ತೀನಾ' ಅಂತಿದ್ರು. ಕುಣಿತದಲ್ಲಿ ನಿಮ್ಮನ್ನ ಒಂದು ಸಲಾನೂ ಯಾರೂ ಕರ್ಕೊಂಡು ಹೋಗಿಲ್ಲ, ಯಾವಾಗ್ಲೂ ನೀವೇ ಎಲ್ಲರನ್ನೂ ಕರ್ಕೊಂಡು ಹೋಗಿದೀರಿ ಅಂತ. ಬೀದಿಯೋರು ನಿಮಗೆ ಸುದ್ದಿ ಮುಟ್ಟಿಸ್ತಾರೆ ಅಂತ ಪರದೆ ಬೇರೆ ಎಳೀತಿದ್ರು. ನನ್ನಿಂದ ಆಣೆ ಮಾಡಿಸ್ಕೊಂಡಿದ್ರು, ಹೇಳ್ಕೂಡ್ದು ಅಂತ." ಅವನು ಮೂಗು ಒರೆಸಿಕೊಂಡ. "ಸುಳ್ಳು ಯಾಕೆ ಹೇಳ್ಲಿ, ಅವರಿಗೆ ಒಂಚೂರೂ ಬರ್ತಿರ್ಲಿಲ್ಲ. ಎಡಗಾಲು ಅಂದ್ರೆ ಬಲಗಾಲು. ಅಡುಗೆಮನೆ ಮೇಜಿಗೆ ನನ್ನನ್ನ ಎಷ್ಟು ಸಲ ಗುದ್ದಿಸಿದಾರೋ. ಅಕ್ಟೋಬರಲ್ಲಿ ಮೊದಲನೇ ಭಾಗ ಹೇಗೋ ಬಂತು. ಅವತ್ತು ಇಲ್ಲಿ ಕುಣೀತಾನೇ ನಿಮಗೆ ಏನೋ ಹೇಳಿದ್ರಲ್ಲ, ತುಟಿಯಲ್ಲಿ?"

"ಏನು?" ಬರ್ಥಾಳ ತುಟಿಯಷ್ಟೇ ಆಡಿತು.

"'ಭಾನುವಾರ ಮನೆಗೆ ಬಾ' ಅಂತ. ಆಮೇಲೆ ನನ್ಹತ್ರ ಹೇಳಿದ್ರು: 'ಅವಳು ನೋಡ್ಲಿಲ್ಲ ಸಿರಿಲ್. ನೋಡ್ಲೇ ಇಲ್ಲ.'"

ಹಾಲಿನಲ್ಲಿ ಜೋಡಿಗಳು ತಿರುಗುತ್ತಲೇ ಇದ್ದವು. ಬರ್ಥಾ ತನ್ನ ದೊಡ್ಡ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು ಕೂತಳು. ಮೆಟ್ಟಿಲ ಮೇಲೆ ಚಳಿಯಲ್ಲಿ ನಿಂತವಳು, ಕೂಗುವ ಕೆಟಲ್ಲು, ಕಪಾಟಿನ ಮೇಲಿನ ಡಬ್ಬ. ಒಂದನ್ನೂ ಈಗ ಸರಿಮಾಡುವಂತಿರಲಿಲ್ಲ. ಸತ್ತವರ ಹತ್ತಿರ ಚಹಾ ಕುಡಿದು ಬರಲು ಆಗುವುದಿಲ್ಲ.

"ಬನ್ನಿ" ಅಂದ ಸಿರಿಲ್. "ಆ ಜಾಗ ಹಾಗೇ ಇದೆ. ಅವರ ಜೊತೆ ಕುಣಿದೋರು ನಾವಿಬ್ರೇ."

"ನಂಗೆ ಹೆಂಗಸಿನ ಹೆಜ್ಜೆ ಬರಲ್ಲ. ನಿಮಗೂ ಗೊತ್ತು."

"ನಂಗೆ ಬರತ್ತೆ. ಅವರು ಗಂಡಸಾಗಿ ಅಭ್ಯಾಸ ಮಾಡ್ಬೇಕಾದ್ರೆ ಹೆಂಗಸಾಗೋರು ಯಾರಾದ್ರೂ ಬೇಕಲ್ಲ. ಮೂರು ತಿಂಗಳು ನಾನೇ ಹೆಂಗಸು. ಅವರು ನಿಂತು ನಿಂತು ಹೇಳ್ಕೊಟ್ಟಿದಾರೆ."

ಖಾಲಿ ಜಾಗ ಮತ್ತೆ ಅವರ ಮುಂದೆ ಬರುತ್ತಿತ್ತು. ಬರ್ಥಾ ಎದ್ದಳು. ಮಂಡಿ ನೋಯಿತು. ಸಿರಿಲ್ ಅವಳ ಎದುರು ನಿಂತು, ಗಿಡ್ಡ ದಪ್ಪ ಕೈಯನ್ನು ಅವಳ ತೋಳಿನ ಮೇಲೆ ಹೆಂಗಸರಂತೆ ಹಗುರವಾಗಿ ಇಟ್ಟ. ಅವನ ಬೋಳುತಲೆ ಅವಳ ಗದ್ದದ ಮಟ್ಟಕ್ಕಿತ್ತು. ಬೇರೆ ದಿನವಾಗಿದ್ದರೆ ಇಡೀ ಹಾಲು ನಗುತ್ತಿತ್ತು, ಅಂದು ಯಾರೂ ನಗಲಿಲ್ಲ. ಅವಳ ಎಡಗಾಲು ಮುಂದೆ ಹೋಯಿತು. ಅವನು ಹಿಂದಕ್ಕೆ ಸರಿದ, ಬೆನ್ನ ಹಿಂದೆ ನೋಡದೆ.

ಹೆಜ್ಜೆ ಭಾರವಾಗಿತ್ತು, ಉಸಿರಿನಲ್ಲಿ ತಂಬಾಕಿನ ವಾಸನೆ ಇತ್ತು, ಐವಿಯಂಥದ್ದು ಅವನಲ್ಲಿ ಏನೂ ಇರಲಿಲ್ಲ. ಬಳೆಯೊಂದಿಗೆ ತಿರುಗುತ್ತ ಬರ್ಥಾ ಅವನ ತಲೆಯ ಮೇಲಿನಿಂದ ಎದುರಿನ ಗೋಡೆ ನೋಡುತ್ತಿದ್ದಳು. ಸುತ್ತಿನ ಘಳಿಗೆ ಬಂತು. ಅವಳು ಕೈ ಎತ್ತಿದಳು. ಮುದುಕ ಅದರ ಕೆಳಗೆ ಏದುಸಿರು ಬಿಡುತ್ತ ಒಂದು ಸುತ್ತು ಸುತ್ತಿ ಎದುರಿಗೆ ಬಂದ. ಬಂದವನೇ ಬಲಗಾಲಿನ ತುದಿಯನ್ನು ನೆಲಕ್ಕೆ ತಟ್ಟಿದ.

ಟಕ್.

ಬರ್ಥಾ ಆಗಲೇ ಕಾದಿದ್ದಳು. ಅವಳ ಕಾಲು ಅವಳನ್ನು ಕೇಳದೆ ನಿಂತಿತ್ತು. ಮೈಕಿನ ಬಳಿ ಮಿಸೆಸ್ ಡಕ್‌ವರ್ತ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಆ ತಟ್ಟೋದು ಯಾರು ಹೇಳ್ಕೊಟ್ರು ನಿಮಗೆ?" ಬರ್ಥಾ ಕೇಳಿದಳು.

"ಐವಿ. ಯಾಕೆ?" ಸಿರಿಲ್ ಗಾಬರಿಯಿಂದ ತಲೆ ಎತ್ತಿದ. "ನಾನು ಗಂಡಸಿನ ಹೆಜ್ಜೆ ಹಾಕುವಾಗ ಅಲ್ಲೇ ಡಿಕ್ಕಿ ಹೊಡೀತಿದ್ದೆ. ಹೆಂಗಸಾದ ಮೇಲೆ ಗೊತ್ತಾಯ್ತು, ಅಲ್ಲೊಂದು ಹೆಜ್ಜೆ ಇದೆ ಅಂತ. ಯಾಕೆ, ತಪ್ಪಾಯ್ತಾ?"

ಇಷ್ಟು ವರ್ಷ ಆ ಪ್ರಶ್ನೆಗೆ ಅವಳ ಬಳಿ ಒಂದೇ ಉತ್ತರವಿತ್ತು. ಬಸ್ಸಿನಲ್ಲಿ ಮನೆಯವರೆಗೂ ಎಳೆದ ಉತ್ತರ.

"ಇಲ್ಲ, ಸರಿಯಾಗೇ ಇದೆ" ಅಂದಳು ಬರ್ಥಾ. "ಹಾಗೇ ಹಾಕಿ."

ಹೆಜ್ಜೆಗಳ ಸಾಲು ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಅವಳು ಅವನನ್ನು ಹಿಂದಕ್ಕೆ ನಡೆಸುತ್ತ, ಕುರ್ಚಿಗಳಿಗೆ ಬಡಿಯದಂತೆ ನೋಡಿಕೊಳ್ಳುತ್ತ, ಮುಂದಿನ ಸುತ್ತಿಗೆ ಕೈ ಎತ್ತಿದಳು, ಕಾದಳು.